ಪರದೆ ಕಪ್ಪಾಗಿ ಮರಳಿ ಬರುತ್ತಿದ್ದರೆ: ಹೊಸದಾಗಿ ಜೋಡಿಸಿದ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಡ್ರೈವರ್ ದೋಷ ಹುಡುಕುವುದು

ಏಪ್ರಿಲ್‌ನಲ್ಲಿ ದಾವಣಗೆರೆಗೆ ಅಕ್ಕನ ಮನೆಗೆ ಹೋದಾಗ ಅವಳ ಮಗ ಬಾಗಿಲಲ್ಲೇ ಕಾಯುತ್ತಿದ್ದ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ದಿನ ಅಲೆದು ಒಂದೊಂದೇ ಭಾಗ ಆರಿಸಿ ತಂದು, ಹಾಲಿನಲ್ಲಿ ಚಾಪೆ ಹಾಸಿಕೊಂಡು ತಾನೇ ಕೂತು ಜೋಡಿಸಿದ ಕಂಪ್ಯೂಟರ್ ಅದು. ನೋಡಲು ಚೆನ್ನಾಗಿತ್ತು. ಆಟ ಶುರು ಮಾಡಿ ತೋರಿಸಿದ. ಹತ್ತು ನಿಮಿಷವೂ ಆಗಿರಲಿಲ್ಲ, ಪರದೆ ಕಪ್ಪಾಯಿತು. ಎರಡು ಮೂರು ಸೆಕೆಂಡು ಕಳೆದು ಡೆಸ್ಕ್‌ಟಾಪ್ ಮರಳಿತು, ಆಟ ಮುಚ್ಚಿಹೋಗಿತ್ತು. ಮೂಲೆಯಲ್ಲಿ ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿತ್ತು, ಈಗ ಸರಿಹೋಗಿದೆ ಎಂಬ ಸಂದೇಶ.

"ನೋಡು ಚಿಕ್ಕಮ್ಮ, ಮತ್ತೆ ಹೋಯ್ತು. ಡ್ರೈವರ್ ಏಳು ಸಲ ಹಾಕಿದೀನಿ. ವಿಂಡೋಸೂ ಎರಡು ಸಲ ಹಾಕಿದೆ."

ಈ ಬರಹ ಅವನ ಆ ಏಳು ಸಲದ ಬಗ್ಗೆಯೇ. ಡ್ರೈವರ್ ಎಂದರೆ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡನ್ನು ನಡೆಸಲು ವಿಂಡೋಸ್‌ಗೆ ಬೇಕಾದ ತಂತ್ರಾಂಶ. ಸಂದೇಶದಲ್ಲಿ ಡ್ರೈವರ್ ಎಂದು ಬರೆದಿರುತ್ತದೆ, ಹಾಗಾಗಿ ಎಲ್ಲರೂ ಡ್ರೈವರನ್ನೇ ಹಿಡಿದು ಜಗ್ಗುತ್ತಾರೆ. ವರ್ಷಗಟ್ಟಲೆ ಸರಿಯಾಗಿ ನಡೆದ ಯಂತ್ರ ಒಂದು ದಿನ ಡ್ರೈವರ್ ಅಪ್‌ಡೇಟ್ ಆದ ಮೇಲೆ ಕೆಟ್ಟರೆ ಡ್ರೈವರ್ ಮೇಲೆ ಅನುಮಾನ ಪಡುವುದು ಸರಿ. ಆದರೆ ಮೊದಲ ದಿನದಿಂದಲೇ ಹೀಗಾಗುತ್ತಿರುವ ಹೊಸ ಯಂತ್ರದಲ್ಲಿ ದೋಷ ಬಹುಮಟ್ಟಿಗೆ ನಾವು ಕೈಯಾರೆ ಕೂರಿಸಿದ ಜಾಗದಲ್ಲಿ, ಚುಚ್ಚಿದ ಕೇಬಲಿನಲ್ಲಿ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ನಡೆಯುವ, ಮದರ್‌ಬೋರ್ಡಿನ ಮೂಲ ತಂತ್ರಾಂಶ) ಬದಲಿಸಿದ ಒಂದು ಸಾಲಿನಲ್ಲಿ ಇರುತ್ತದೆ. ಹುಡುಕಾಟ ಅಲ್ಲಿಂದ ಶುರುವಾಗಬೇಕು.

ಆ ಎರಡು ಸೆಕೆಂಡಿನಲ್ಲಿ ಏನಾಗುತ್ತದೆ

2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ವಿಂಡೋಸ್‌ನಲ್ಲಿ ಟಿ.ಡಿ.ಆರ್. ಎಂಬ ಕಾವಲು ವ್ಯವಸ್ಥೆ ಇದೆ. ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿದ ಕೆಲಸ ಎರಡು ಸೆಕೆಂಡಾದರೂ ಮುಗಿಯದೆ, ಮಧ್ಯೆ ನಿಲ್ಲಿಸು ಎಂದರೂ ನಿಲ್ಲದೆ ಇದ್ದರೆ, ಕಾರ್ಡ್ ಸಿಕ್ಕಿಹಾಕಿಕೊಂಡಿದೆ ಎಂದು ವಿಂಡೋಸ್ ತೀರ್ಮಾನಿಸುತ್ತದೆ. ಕಾರ್ಡನ್ನೂ ಡ್ರೈವರನ್ನೂ ಒಟ್ಟಿಗೆ ರೀಸೆಟ್ ಮಾಡುತ್ತದೆ. ನಮಗೆ ಕಾಣುವ ಕಪ್ಪು ಪರದೆ ಆ ರೀಸೆಟ್. ಈ ಕಾವಲು ಇಲ್ಲದ ಕಾಲದಲ್ಲಿ ಇಡೀ ಯಂತ್ರವೇ ಹ್ಯಾಂಗ್ ಆಗಿ, ಬಟನ್ ಒತ್ತಿಹಿಡಿದು ಆರಿಸಬೇಕಾಗುತ್ತಿತ್ತು. ಒಂದು ನಿಮಿಷದೊಳಗೆ ಐದಾರು ಸಲ ಹೀಗಾದರೆ ಅಥವಾ ರೀಸೆಟ್ ಮಾಡಿದರೂ ಕಾರ್ಡ್ ಏಳದಿದ್ದರೆ ನೀಲಿ ಪರದೆ ಬರುತ್ತದೆ. ಅದರ ಮೇಲೆ ವಿಡಿಯೋ ಟಿ.ಡಿ.ಆರ್. ಫೇಲ್ಯೂರ್ ಎಂದಿರುತ್ತದೆ. ಕೋಡ್ ಸಂಖ್ಯೆ 116.

ಅಂದರೆ ಆ ಸಂದೇಶಕ್ಕೆ ಇರುವ ಅರ್ಥ ಇಷ್ಟೇ: ಕಾರ್ಡ್ ಎರಡು ಸೆಕೆಂಡಿನೊಳಗೆ ಉತ್ತರ ಕೊಡಲಿಲ್ಲ. ಕರೆಂಟು ಸಾಲದೆ ಕೊಡಲಿಲ್ಲವೋ, ರ‍್ಯಾಮಿನಿಂದ ಬಂದ ಆದೇಶವೇ ತಪ್ಪಾಗಿತ್ತೋ, ಕಾರ್ಡ್ ಸ್ಲಾಟಿನಲ್ಲಿ ಸರಿಯಾಗಿ ಕೂತಿಲ್ಲವೋ, ಬಿಸಿ ಹೆಚ್ಚಾಯಿತೋ, ಡ್ರೈವರಿನಲ್ಲೇ ತಪ್ಪಿದೆಯೋ, ಅದು ವಿಂಡೋಸ್‌ಗೆ ಗೊತ್ತಿಲ್ಲ.

ಇದೇ ಕಾರಣಕ್ಕೆ, ವಿಂಡೋಸ್‌ನ ಒಳಗಿನ ಸೆಟ್ಟಿಂಗುಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಆ ಎರಡು ಸೆಕೆಂಡನ್ನು ಹತ್ತೋ ಅರವತ್ತೋ ಮಾಡಿ ಎಂಬ ಸಲಹೆಯನ್ನು ದೋಷ ಹುಡುಕುವ ಹಂತದಲ್ಲಿ ನಾನು ಒಪ್ಪುವುದಿಲ್ಲ. ಭಾರಿ ರೆಂಡರಿಂಗ್ (ಅನಿಮೇಷನ್, ವಿಡಿಯೋ ಚಿತ್ರಗಳನ್ನು ಲೆಕ್ಕಹಾಕಿ ಮೂಡಿಸುವುದು) ಮಾಡುವವರಿಗೆ, ಕಾರ್ಡ್ ಸರಿಯಾಗಿದ್ದೂ ಒಂದೊಂದು ಕೆಲಸಕ್ಕೆ ಹೆಚ್ಚು ಹೊತ್ತು ಬೇಕಾಗುವವರಿಗೆ ಅದು ನ್ಯಾಯವಾದ ಬದಲಾವಣೆ. ಸಿಕ್ಕಿಹಾಕಿಕೊಂಡ ಕಾರ್ಡನ್ನು ಇನ್ನೂ ಐವತ್ತು ಸೆಕೆಂಡು ಕಾದರೆ ಅದು ಬಿಡಿಸಿಕೊಳ್ಳುವುದಿಲ್ಲ.

ಮೊದಲು ಒಂದು ನೋಟ್‌ಬುಕ್

ಹುಡುಗನಿಗೆ ಮೊದಲು ಹೇಳಿದ್ದು ಸ್ಕ್ರೂ ಡ್ರೈವರ್ ಕೆಳಗಿಡು, ಒಂದು ನೋಟ್‌ಬುಕ್ ತಾ ಎಂದು. ತಾರೀಖು, ಗಂಟೆ, ಏನು ಮಾಡುತ್ತಿದ್ದಾಗ ಹೋಯಿತು, ಹೇಗೆ ಹೋಯಿತು, ಅದಕ್ಕೂ ಮುಂಚೆ ಏನು ಬದಲಿಸಿದ್ದೆ. ಅಷ್ಟು ಐದು ಕಾಲಂ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಅವನು ಒಂದೇ ಸಂಜೆ ಡ್ರೈವರ್ ಬದಲಿಸಿ, ಬಯಾಸ್ ಅಪ್‌ಡೇಟ್ ಮಾಡಿ, ಕೇಬಲ್ ಕಿತ್ತು ಹಾಕಿ, ವಿಂಡೋಸ್‌ನ ಪವರ್ ಸೆಟ್ಟಿಂಗೂ ಬದಲಿಸಿದ್ದ. ಮಾರನೆಯ ದಿನ ಸ್ವಲ್ಪ ಸುಧಾರಿಸಿದಂತೆ ಕಂಡಿತಂತೆ. ಯಾವುದರಿಂದ ಎಂದು ಕೇಳಿದರೆ ಉತ್ತರವಿಲ್ಲ.

ಯಂತ್ರವೇ ಬರೆದಿಟ್ಟುಕೊಳ್ಳುವ ದಾಖಲೆಯೂ ಇದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಹಿಸ್ಟರಿ ಎಂದು ಹುಡುಕಿದರೆ ದಿನವಾರು ಪಟ್ಟಿ ತೆರೆಯುತ್ತದೆ. ಕೆಂಪು ಗುರುತು ಇರುವ ದಿನಗಳ ಮೇಲೆ ಒತ್ತಿ ನೋಡಿ. ಹಾರ್ಡ್‌ವೇರ್ ಎರರ್ ಎಂದು, ಒಳಗೆ ಲೈವ್ ಕರ್ನಲ್ ಈವೆಂಟ್ 141 ಅಥವಾ 117 ಎಂದು ಇದ್ದರೆ ಗ್ರಾಫಿಕ್ಸ್ ಕಡೆಯ ಹ್ಯಾಂಗ್ ಎಂದರ್ಥ. ಇನ್ನೂ ವಿವರ ಬೇಕಾದರೆ ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ನೋಡಬೇಕು. ಡ್ರೈವರ್ ನಿಂತು ಚೇತರಿಸಿಕೊಂಡಿತು ಎಂಬ ಸಾಲಿನ ಸಂಖ್ಯೆ 4101. ಎನ್‌ವಿಡಿಯಾ ಕಾರ್ಡ್ ಇದ್ದರೆ ಎನ್.ವಿ.ಎಲ್.ಡಿ.ಡಿ.ಎಂ.ಕೆ.ಎಂ. ಎಂಬ ಉದ್ದ ಹೆಸರು ಕಾಣುತ್ತದೆ. ಅದು ಅವರ ಡ್ರೈವರ್ ಕಡತದ ಹೆಸರು, ವೈರಸ್ ಅಲ್ಲ.

ನಿಜವಾಗಿ ನೋಡಬೇಕಾದದ್ದು 4101ರ ಅಕ್ಕಪಕ್ಕದ ಸಾಲುಗಳನ್ನು. ಅದೇ ನಿಮಿಷದಲ್ಲಿ ಹೂಯಾ ಲಾಗರ್ (WHEA-Logger) ಎಂಬ ಹೆಸರಿನ ಸಾಲು ಇದೆಯೇ? ಅದು ಪ್ರೊಸೆಸರ್, ರ‍್ಯಾಮ್ ಅಥವಾ ಕಾರ್ಡ್ ಕೂರುವ ಪಿ.ಸಿ.ಐ. ಎಕ್ಸ್‌ಪ್ರೆಸ್ ಸ್ಲಾಟಿನ ಮಟ್ಟದಲ್ಲಿ ಕಂಡ ತಪ್ಪನ್ನು ಬರೆದಿಡುತ್ತದೆ. ಕರ್ನಲ್ ಪವರ್ 41 ಇದೆಯೇ? ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಎಂದು ಅದರ ಅರ್ಥ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಸೊನ್ನೆ ಎಂದಿದ್ದರೆ ನೀಲಿ ಪರದೆಗೂ ಸಮಯ ಸಿಗದೆ ಸತ್ತಿದೆ. ಹೆಚ್ಚಾಗಿ ಕರೆಂಟಿನ ಕಡೆಯ ಸುಳಿವು ಅದು. ಲಿನಕ್ಸ್ ಬಳಸುವವರು ಕರ್ನಲ್ ಲಾಗಿನಲ್ಲಿ ಎನ್‌ವಿಡಿಯಾ ಕಾರ್ಡ್ ಆದರೆ ಎಕ್ಸ್‌ಐಡಿ ಸಂಖ್ಯೆಗಳನ್ನು ಹುಡುಕಬೇಕು. 79 ಎಂದರೆ ಕಾರ್ಡ್ ಸಂಪರ್ಕವನ್ನೇ ಕಳೆದುಕೊಂಡಿದೆ. ಸ್ಲಾಟ್, ಕರೆಂಟು, ಬಿಸಿ ಈ ಮೂರನ್ನು ಮೊದಲು ನೋಡಬೇಕಾದ ಸಂಖ್ಯೆ ಅದು.

ಹೇಗೆ ಹೋಗುತ್ತದೆ ಎಂಬುದನ್ನು ಗಮನಿಸಿ

ಇಲ್ಲಿ ತಾಳ್ಮೆಯಿಂದ ಕೂತರೆ ಅರ್ಧ ಕೆಲಸ ಮುಗಿಯುತ್ತದೆ. ಪರದೆ ಕಪ್ಪಾದಾಗ ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ. ಮೊದಲು ಕಿವಿ ಕೊಡಿ. ಹಾಡು, ಮಾತು ಇನ್ನೂ ಕೇಳುತ್ತಿದೆಯೇ? ಕೀಬೋರ್ಡಿನ ನಮ್‌ಲಾಕ್ ಒತ್ತಿ, ದೀಪ ಹತ್ತಿ ಆರುತ್ತಿದೆಯೇ? ಆರುತ್ತಿದ್ದರೆ ಯಂತ್ರ ಜೀವಂತವಾಗಿದೆ, ಚಿತ್ರ ಮಾತ್ರ ಹೋಗಿದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಒಂದೇ ರೀಸೆಟ್ ಆಗುತ್ತದೆ. ಅದರಿಂದ ಚಿತ್ರ ಮರಳಿದರೆ ಅದನ್ನೂ ಬರೆದಿಡಿ.

ಶಬ್ದ ನಿಲ್ಲದೆ ಚಿತ್ರ ಮಾತ್ರ ಒಂದು ಕ್ಷಣ ಹೋಗಿ ಬಂದು, ತೆರೆದಿದ್ದ ಆಟವೂ ಹಾಗೇ ನಡೆಯುತ್ತಿದ್ದು, ಈವೆಂಟ್ ವ್ಯೂವರಿನಲ್ಲಿ 4101 ಇಲ್ಲದಿದ್ದರೆ ಅದು ಡ್ರೈವರ್ ಬೀಳುವುದೇ ಅಲ್ಲ. ಮಾನಿಟರ್ ಕೇಬಲನ್ನು ಬದಲಿಸಿ ನೋಡಿ. 144 ಹರ್ಟ್ಸ್, 165 ಹರ್ಟ್ಸ್ ಮಾನಿಟರುಗಳಿಗೆ ಹಳೆಯ ಕೇಬಲ್ ಹಾಕಿದರೆ ಹೀಗೆ ಆಗುವುದುಂಟು. ರಿಫ್ರೆಶ್ ರೇಟನ್ನು (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬುದು) 60ಕ್ಕೆ ಇಳಿಸಿದಾಗ ತೊಂದರೆ ನಿಂತರೆ ಕೇಬಲೇ ಎಂದು ಹೆಚ್ಚುಕಡಿಮೆ ನಿಶ್ಚಯ.

ಭಾರ ಬಿದ್ದಾಗ ಮಾತ್ರ, ಅಂದರೆ ಆಟದಲ್ಲೋ ರೆಂಡರಿಂಗಿನಲ್ಲೋ ಹೋಗುತ್ತಿದ್ದರೆ ಕರೆಂಟು ಅಥವಾ ಬಿಸಿ. ಶುರು ಮಾಡಿದ ಕೂಡಲೇ ಹೋದರೆ ಕರೆಂಟು, ಇಪ್ಪತ್ತು ನಿಮಿಷ ಕಾದು ಹೋದರೆ ಬಿಸಿ ಎಂದು ಊಹಿಸಿ ಮುಂದುವರಿಯಬಹುದು. ಪರದೆ ಕಪ್ಪಾಗಿ ಕಾರ್ಡಿನ ಫ್ಯಾನ್‌ಗಳು ಒಮ್ಮೆಲೇ ಪೂರ್ತಿ ವೇಗದಲ್ಲಿ ಕೂಗತೊಡಗಿದರೆ ಕಾರ್ಡಿಗೆ ಬರುವ ಕರೆಂಟಿನ ಮೇಲೆ, ಸ್ಲಾಟಿನ ಮೇಲೆ ಕಣ್ಣಿಡಿ. ಇಡೀ ಯಂತ್ರ ತಟ್ಟನೆ ಆರಿ ತಾನಾಗಿಯೇ ಮತ್ತೆ ಹೊತ್ತಿಕೊಂಡರೆ ಎಸ್‌ಎಂಪಿಎಸ್ (ಯಂತ್ರದ ಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆ) ತನ್ನನ್ನು ರಕ್ಷಿಸಿಕೊಳ್ಳಲು ಕಡಿದುಕೊಂಡಿರಬಹುದು. ಭಾರವೇ ಇಲ್ಲದಾಗ, ಬ್ರೌಸರ್ ತೆರೆದು ಸುಮ್ಮನೆ ಓದುತ್ತಿದ್ದಾಗ ಹೋಗುವುದು, ಒಂದೊಂದು ಸಲ ಒಂದೊಂದು ಬಗೆಯ ನೀಲಿ ಪರದೆ ಬರುವುದು, ಜಿಪ್ ಫೈಲ್ ಬಿಚ್ಚುವಾಗ ಕೆಟ್ಟಿದೆ ಎನ್ನುವುದು, ಇವೆಲ್ಲ ರ‍್ಯಾಮಿನ ಕಡೆ ಬೆರಳು ತೋರುತ್ತವೆ. ಬ್ರೌಸರಿನಲ್ಲಿ ವಿಡಿಯೋ ನೋಡುವಾಗ ಮಾತ್ರ ಆದರೆ ಬ್ರೌಸರಿನ ಹಾರ್ಡ್‌ವೇರ್ ಆ್ಯಕ್ಸಲರೇಷನ್ (ಚಿತ್ರದ ಕೆಲಸವನ್ನು ಕಾರ್ಡಿಗೆ ಒಪ್ಪಿಸುವ ಸೆಟ್ಟಿಂಗ್) ಆಫ್ ಮಾಡಿ ನೋಡಿ. ನಿಂತರೆ ಈ ಒಂದೇ ಕಡೆ ಡ್ರೈವರಿನದೇ ತಪ್ಪಿರುವ ಸಾಧ್ಯತೆ ಹೆಚ್ಚು.

ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು, ಗೆರೆಗಳು ಮೂಡುತ್ತಿದ್ದರೆ, ಅದೂ ಬಯಾಸ್ ಪರದೆಯಲ್ಲೇ ಕಾಣುತ್ತಿದ್ದರೆ ಮುಂದಿನದನ್ನೆಲ್ಲ ಬಿಟ್ಟು ಕಾರ್ಡನ್ನು ವಾರಂಟಿಗೆ ಕೊಡುವ ಸಿದ್ಧತೆ ಮಾಡಿ. ಬಯಾಸ್ ನಡೆಯುವಾಗ ವಿಂಡೋಸ್‌ನ ಡ್ರೈವರ್ ಇನ್ನೂ ಲೋಡೇ ಆಗಿರುವುದಿಲ್ಲ.

ಡ್ರೈವರ್ ಒಂದು ಸಲ ಮಾತ್ರ, ಸರಿಯಾಗಿ

ಡ್ರೈವರನ್ನು ಪಟ್ಟಿಯಿಂದ ತೆಗೆಯಲೇಬೇಕು, ಇಲ್ಲವಾದರೆ ಮನಸ್ಸಿನಲ್ಲಿ ಅನುಮಾನ ಉಳಿಯುತ್ತದೆ. ಕಾರ್ಡ್ ತಯಾರಕರ ತಾಣದಿಂದಲೇ ಡ್ರೈವರ್ ಇಳಿಸಿಟ್ಟುಕೊಳ್ಳಿ. ಎಲ್ಲ ಡ್ರೈವರನ್ನೂ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಮೂರನೆಯವರ ತಂತ್ರಾಂಶಗಳ ಹತ್ತಿರ ಹೋಗಬೇಡಿ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಸಾಧನವನ್ನೂ ಇಳಿಸಿ. ಈಗ ಇಂಟರ್ನೆಟ್ ಕಡಿದುಬಿಡಿ. ಕಡಿಯದಿದ್ದರೆ ನೀವು ಹಳೆಯದನ್ನು ತೆಗೆದ ಕೂಡಲೇ ವಿಂಡೋಸ್ ಅಪ್‌ಡೇಟ್ ತನ್ನ ಬಳಿಯ ಡ್ರೈವರನ್ನು ತಾನೇ ತಂದು ಕೂರಿಸುತ್ತದೆ. ವಿಂಡೋಸ್ ಕನಿಷ್ಠ ಭಾಗಗಳಿಂದಷ್ಟೇ ನಡೆಯುವ ಸೇಫ್ ಮೋಡ್‌ಗೆ ಹೋಗಿ ಹಳೆಯದನ್ನು ಪೂರ್ತಿ ತೆಗೆದು, ಸಾಮಾನ್ಯ ಮೋಡ್‌ಗೆ ಮರಳಿ, ಇಳಿಸಿಟ್ಟ ಡ್ರೈವರನ್ನು ಹಾಕಿ, ಆಮೇಲೆ ಇಂಟರ್ನೆಟ್ ಜೋಡಿಸಿ. ತೀರಾ ಹೊಸ ಆವೃತ್ತಿಯೇ ಬೇಕೆಂದಿಲ್ಲ. ಎರಡು ಮೂರು ತಿಂಗಳ ಹಿಂದಿನ, ಹೆಚ್ಚು ದೂರಿಲ್ಲದ ಆವೃತ್ತಿಯಿದ್ದರೆ ಅದನ್ನೇ ಹಾಕಿ.

ಇಷ್ಟಾದ ಮೇಲೂ ಅದೇ ಬಗೆಯಲ್ಲಿ ಬಿದ್ದರೆ ಡ್ರೈವರಿನ ಹೆಸರಿಗೆ ಗೆರೆ ಎಳೆದು ಮುಂದೆ ಹೋಗಿ. ಎಂಟನೆಯ ಸಲ ಹಾಕುವುದರಿಂದ ಹೊಸದೇನೂ ತಿಳಿಯುವುದಿಲ್ಲ.

ಕರೆಂಟು

ಕ್ಯಾಬಿನೆಟ್ ತೆಗೆಯುವ ಮುಂಚೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡು ಒತ್ತಿ ಉಳಿದ ಕರೆಂಟು ಹೋಗಲು ಬಿಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು.

ನಮ್ಮ ಹುಡುಗನ ಕಾರ್ಡಿನ ತಲೆಯ ಮೇಲೆ ಎಂಟು ಪಿನ್ನಿನ ಎರಡು ಸಾಕೆಟ್ ಇದ್ದವು. ಎರಡೂ ತುಂಬಿದ್ದವು. ಆದರೆ ಟಾರ್ಚ್ ಬಿಟ್ಟು ಕೇಬಲಿನ ಬೆನ್ನು ಹಿಡಿದು ಹೋದರೆ ಎಸ್‌ಎಂಪಿಎಸ್ ಕಡೆಗೆ ಹೋಗುತ್ತಿದ್ದದ್ದು ಒಂದೇ ಕೇಬಲ್. ಕೊನೆಯಲ್ಲಿ ಕವಲೊಡೆದು ಎರಡು ತಲೆಯಾಗಿತ್ತು, ಅವೆರಡನ್ನೂ ಕಾರ್ಡಿಗೆ ಚುಚ್ಚಿದ್ದ. ಎರಡನೆಯ ಕೇಬಲ್ ಡಬ್ಬಿಯಲ್ಲೇ ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿತ್ತು. ಕೇಬಲ್ ಕಡಿಮೆಯಾದರೆ ಒಳಗೆ ನೀಟಾಗಿ ಕಾಣುತ್ತದೆ ಎಂದು ಹಾಗೆ ಮಾಡಿದ್ದನಂತೆ.

ಲೆಕ್ಕ ನೋಡಿ. ಸ್ಲಾಟಿನಿಂದ ಕಾರ್ಡಿಗೆ ಹೆಚ್ಚೆಂದರೆ 75 ವಾಟ್ ಸಿಗುತ್ತದೆ. ಎಂಟು ಪಿನ್ನಿನ ಒಂದು ಕನೆಕ್ಟರಿಗೆ 150 ವಾಟ್, ಆರು ಪಿನ್ನಿನದಕ್ಕೆ 75. ಎರಡು ಎಂಟರ ಕಾರ್ಡಿಗೆ ಒಂದೇ ಕೇಬಲ್ ಹಾಕಿದರೆ ಇಬ್ಬರು ಹೊರಬೇಕಾದ ಭಾರವನ್ನು ಒಬ್ಬನ ಹೆಗಲಿಗೆ ಹಾಕಿದಂತಾಯಿತು. ಅದರ ಮೇಲೆ ಇಂದಿನ ಕಾರ್ಡುಗಳು ಸಮವಾಗಿ ಕರೆಂಟು ಎಳೆಯುವುದಿಲ್ಲ. ಕ್ಷಣದ ಸಣ್ಣ ಪಾಲಿನಷ್ಟು ಹೊತ್ತು ಸರಾಸರಿಗಿಂತ ತುಂಬ ಹೆಚ್ಚು ಎಳೆದು ಬಿಡುತ್ತವೆ. 2022ರಲ್ಲಿ ಬಂದ ಎ.ಟಿ.ಎಕ್ಸ್. 3.0 ಮಾನದಂಡದಲ್ಲಿ, ದೊಡ್ಡ ಕಾರ್ಡುಗಳಿಗಾಗಿ ಮಾಡಿದ ಎಸ್‌ಎಂಪಿಎಸ್ 100 ಮೈಕ್ರೋಸೆಕೆಂಡಿನಷ್ಟು ಹೊತ್ತು ತನ್ನ ವಾಟೇಜಿನ ಎರಡು ಪಟ್ಟು ತಾಳಿಕೊಳ್ಳಬೇಕು ಎಂದು ಬರೆದದ್ದು ಇದಕ್ಕಾಗಿಯೇ. ಅಂಥ ಕ್ಷಣದಲ್ಲಿ ತೆಳು ಹಾದಿಯಲ್ಲಿ ವೋಲ್ಟೇಜ್ ಕುಸಿದರೆ ಕಾರ್ಡ್ ತಪ್ಪು ಲೆಕ್ಕ ಮಾಡುತ್ತದೆ, ಇಲ್ಲವೇ ನಿಲ್ಲುತ್ತದೆ. 12 ವೋಲ್ಟಿನ ಸಾಲು 11.4ಕ್ಕಿಂತ ಕೆಳಗೆ ಇಳಿಯಬಾರದು. ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಸೆನ್ಸರ್ ಭಾಗ ತೆರೆದಿಟ್ಟು ಭಾರ ಹಾಕಿ, ಕನಿಷ್ಠ ಎಂಬ ಕಾಲಂ ನೋಡಿ.

ಎರಡನೆಯ ಕೇಬಲ್ ತೆಗೆದು, ಎರಡನ್ನೂ ಬೇರೆ ಬೇರೆಯಾಗಿ ಎಳೆದು, ಕೊಕ್ಕೆ ಕಟ್ ಎನ್ನುವವರೆಗೆ ಒತ್ತಿದೆವು. ಎಸ್‌ಎಂಪಿಎಸ್ ಕಡೆಯ ತುದಿಯೂ ಕಟ್ ಎನ್ನಬೇಕು, ಅದನ್ನು ಮರೆಯುವವರೇ ಹೆಚ್ಚು. ಹೊಸ ಕಾರ್ಡುಗಳಲ್ಲಿರುವ ಹದಿನಾರು ಪಿನ್ನಿನ ಸಣ್ಣ ಕನೆಕ್ಟರ್ ಆದರೆ ಇನ್ನೂ ಜೋಪಾನ. ಅದು ಪೂರ್ತಿ ಒಳಗೆ ಕೂತಿರಬೇಕು, ಬುಡದಿಂದ ಕನಿಷ್ಠ ಮೂರೂವರೆ ಸೆಂಟಿಮೀಟರ್ ನೇರವಾಗಿ ಬಂದ ಮೇಲಷ್ಟೇ ಕೇಬಲ್ ಬಗ್ಗಬೇಕು. ಅರೆಬರೆ ಕೂತ ಈ ಕನೆಕ್ಟರುಗಳು ಕರಗಿರುವುದುಂಟು, ಆದ್ದರಿಂದ ಇದು ಬರೀ ಹ್ಯಾಂಗ್ ಆಗುವ ಪ್ರಶ್ನೆಯಲ್ಲ. ಬೇರೆ ಎಸ್‌ಎಂಪಿಎಸ್‌ನ ಕೇಬಲನ್ನು ತಂದು ಇದಕ್ಕೆ ಹಾಕಲೇಬೇಡಿ. ಪ್ಲಗ್ ಒಂದೇ ಆಕಾರದಲ್ಲಿದ್ದರೂ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮ ಒಂದೊಂದು ಕಂಪನಿಗೆ ಒಂದೊಂದು ಬಗೆ. ಭಾಗಗಳು ಸುಟ್ಟುಹೋಗುತ್ತವೆ.

ಗೋಡೆಯ ಕಡೆಯನ್ನೂ ನೋಡಿದೆವು. ನಮ್ಮ ಊರುಗಳಲ್ಲಿ ಇದನ್ನು ಬಿಡುವಂತಿಲ್ಲ. ಕಂಪ್ಯೂಟರ್, ಮಾನಿಟರ್, ಸ್ಪೀಕರ್, ಮೇಲೊಂದು ಟೇಬಲ್ ಫ್ಯಾನ್, ಎಲ್ಲವೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು. ಕ್ಯಾಬಿನೆಟ್ಟಿನ ಬರಿ ಲೋಹಕ್ಕೆ ಕೈ ತಾಗಿದರೆ ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ಇಲ್ಲ ಎಂದು ತಿಳಿಯಿರಿ, ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸದೆ ಆ ಯಂತ್ರ ನಡೆಸಬೇಡಿ. ಯುಪಿಎಸ್ ಅಥವಾ ಇನ್ವರ್ಟರ್ ಮೂಲಕ ನಡೆಸುತ್ತಿದ್ದರೆ ಪರೀಕ್ಷೆಯ ದಿನಗಳಲ್ಲಿ ಅದನ್ನು ತಪ್ಪಿಸಿ ನೇರವಾಗಿ ಗೋಡೆಗೆ ಕೊಟ್ಟು ನೋಡಿ. ಕರೆಂಟು ಹೋಗಿ ಬರುವ ಕ್ಷಣದಲ್ಲೇ ಯಂತ್ರ ಆರುತ್ತಿದ್ದರೆ ಯುಪಿಎಸ್ ಚಿಕ್ಕದಾಯಿತು, ಇಲ್ಲವೇ ಅದರ ಅಲೆಯ ರೂಪ ಈ ಎಸ್‌ಎಂಪಿಎಸ್‌ಗೆ ಹೊಂದುತ್ತಿಲ್ಲ.

ಕೇಬಲ್ ಬೇರೆ ಮಾಡಿದ ಆ ರಾತ್ರಿ ಮೂರು ಗಂಟೆ ಆಟ ನಡೆಯಿತು, ಏನೂ ಆಗಲಿಲ್ಲ. ಅವನು ಕುಣಿದಾಡಿದ. ಎರಡು ದಿನ ಬಿಟ್ಟು ಬೆಳಗ್ಗೆ, ಅಕ್ಕ ಕೊಟ್ಟ ಕಾಫಿ ಹಿಡಿದು ಅವನು ಸುದ್ದಿ ಓದುತ್ತಿದ್ದಾಗ ಪರದೆ ಮತ್ತೆ ಕಪ್ಪಾಯಿತು.

ನೋಟ್‌ಬುಕ್ ಬೆಲೆ ಗೊತ್ತಾಗುವುದು ಇಂಥ ಹೊತ್ತಿನಲ್ಲಿ. ಅದಿಲ್ಲದಿದ್ದರೆ ಕೇಬಲ್ ಬದಲಿಸಿದ್ದು ಉಪಯೋಗಕ್ಕೆ ಬರಲಿಲ್ಲ ಎಂದುಕೊಂಡು ಹಿಂದಕ್ಕೆ ಹೋಗುತ್ತಿದ್ದೆವು. ಪುಟದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು: ಮುಂಚೆ ಆಟದಲ್ಲಿ ಹತ್ತು ನಿಮಿಷಕ್ಕೊಮ್ಮೆ, ಈಗ ಎರಡು ದಿನಕ್ಕೊಮ್ಮೆ, ಅದೂ ಭಾರವಿಲ್ಲದಾಗ. ಬೀಳುವ ಬಗೆಯೇ ಬದಲಾಗಿದೆ. ಒಂದು ದೋಷ ಹೋಗಿದೆ, ಅದರ ಹಿಂದೆ ಇನ್ನೊಂದಿತ್ತು.

ರ‍್ಯಾಮ್

ಡಿ.ಡಿ.ಆರ್. 5 ರ‍್ಯಾಮಿನ ಡಬ್ಬಿಯ ಮೇಲೆ ವೇಗ 6000 ಎಂದು ಬರೆದಿರುತ್ತದೆ. ಯಂತ್ರಕ್ಕೆ ಹಾಕಿ ಸುಮ್ಮನೆ ಬಿಟ್ಟರೆ ಸಾಮಾನ್ಯವಾಗಿ 4800ರಲ್ಲೇ ನಡೆಯುತ್ತದೆ. 6000 ಬೇಕಾದರೆ ಬಯಾಸ್‌ನಲ್ಲಿ ಎಎಂಡಿ ಬೋರ್ಡಾದರೆ ಎಕ್ಸ್‌ಪೋ, ಇಂಟೆಲ್ ಬೋರ್ಡಾದರೆ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಬೇಕು. ಆಗ ವೋಲ್ಟೇಜೂ 1.1ರಿಂದ 1.35ರ ಆಸುಪಾಸಿಗೆ ಏರುತ್ತದೆ. ಡಬ್ಬಿಯ ಮೇಲಿದೆ ಎಂದ ಮಾತ್ರಕ್ಕೆ ಅದು ಎಲ್ಲ ಯಂತ್ರದಲ್ಲೂ ಖಾತರಿ ಎಂದಲ್ಲ. ಎಎಂಡಿಯ ರೈಜನ್ 7000 ಸರಣಿಯ ಪ್ರೊಸೆಸರುಗಳಿಗೆ ಕಂಪನಿ ಅಧಿಕೃತವಾಗಿ ಹೇಳುವ ವೇಗ ಎರಡು ರ‍್ಯಾಮ್ ಕಡ್ಡಿ ಇದ್ದಾಗ 5200, ನಾಲ್ಕು ಕಡ್ಡಿ ತುಂಬಿದರೆ 3600. ಅದಕ್ಕಿಂತ ಮೇಲಿನದೆಲ್ಲ ಓವರ್‌ಕ್ಲಾಕ್, ಅಂದರೆ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಬಹಳಷ್ಟು ಯಂತ್ರಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಕೆಲವದರಲ್ಲಿ ನಡೆಯುವುದಿಲ್ಲ.

ರ‍್ಯಾಮ್ ತಪ್ಪಿದರೆ ಗ್ರಾಫಿಕ್ಸ್ ಡ್ರೈವರ್ ಏಕೆ ಬೀಳಬೇಕು? ಕಾರ್ಡಿಗೆ ಹೋಗುವ ಆದೇಶಗಳ ಸಾಲು ಮೊದಲು ಈ ರ‍್ಯಾಮಿನಲ್ಲೇ ತಯಾರಾಗುತ್ತದೆ. ಅಲ್ಲಿ ಒಂದೇ ಒಂದು ಬಿಟ್ ಸೊನ್ನೆಯ ಬದಲು ಒಂದಾದರೂ ಕಾರ್ಡಿಗೆ ಅರ್ಥವಿಲ್ಲದ ಆದೇಶ ತಲುಪಬಹುದು. ಅದು ಅಲ್ಲಿಯೇ ನಿಲ್ಲುತ್ತದೆ, ಎರಡು ಸೆಕೆಂಡು ಕಳೆಯುತ್ತದೆ, ದೂರು ಡ್ರೈವರಿನ ಹೆಸರಿಗೆ ಬರೆಯಲ್ಪಡುತ್ತದೆ.

ಪರೀಕ್ಷೆ ಸುಲಭ. ಬಯಾಸ್‌ನಲ್ಲಿ ಎಕ್ಸ್‌ಪೋ ಆಫ್ ಮಾಡಿ ಕೆಲವು ದಿನ ಬಳಸಿ. ಬೀಳುವುದು ನಿಂತರೆ ಉತ್ತರ ಸಿಕ್ಕಿತು. ಕಾಯಲು ವ್ಯವಧಾನವಿಲ್ಲದಿದ್ದರೆ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ನಾಲ್ಕು ಸುತ್ತು ಓಡಿಸಿ. ಒಂದು ತಪ್ಪು ಕಂಡರೂ ರ‍್ಯಾಮಿನ ಕಡೆ ಕೆಟ್ಟಿದೆ ಎಂದೇ ಲೆಕ್ಕ. ಒಂದೆರಡು ತಪ್ಪಾದರೆ ಪರವಾಗಿಲ್ಲ ಎಂಬ ಮಾತಿಲ್ಲ. ನಮ್ಮಲ್ಲಿ ಸುಮಾರು ನಲವತ್ತು ನಿಮಿಷಕ್ಕೆ ಮೊದಲ ತಪ್ಪು ಬಂತು.

ಆಗ ಟಾರ್ಚ್ ಹಿಡಿದು ನೋಡಿದೆ. ನಾಲ್ಕು ಸ್ಲಾಟಿನಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿದರೆ ಒಂದನೆಯದು ಮತ್ತು ಮೂರನೆಯದರಲ್ಲಿ ಕಡ್ಡಿಗಳಿದ್ದವು. ಎರಡೇ ಕಡ್ಡಿ ಇದ್ದರೆ ಹೆಚ್ಚಿನ ಬೋರ್ಡುಗಳಲ್ಲಿ ಅವು ಎರಡು ಮತ್ತು ನಾಲ್ಕರಲ್ಲಿ ಇರಬೇಕು. ಬೋರ್ಡಿನ ಮೇಲೆ ಎ2, ಬಿ2 ಎಂದು ಸಣ್ಣದಾಗಿ ಬರೆದಿರುತ್ತದೆ. ಪ್ರೊಸೆಸರಿನಿಂದ ಬರುವ ಪ್ರತಿ ಹಾದಿಯೂ ತನ್ನ ಮೊದಲ ಸ್ಲಾಟನ್ನು ದಾಟಿ ಎರಡನೆಯದಕ್ಕೆ ಹೋಗಿ ಕೊನೆಯಾಗುತ್ತದೆ. ಮೊದಲನೆಯದರಲ್ಲಿ ಕಡ್ಡಿ ಹಾಕಿ ಕೊನೆಯದನ್ನು ಖಾಲಿ ಬಿಟ್ಟರೆ ಸಂಕೇತ ಆ ಖಾಲಿ ತುದಿಯವರೆಗೂ ಹೋಗಿ ಬಡಿದು ಹಿಂದಿರುಗಿ, ಹೊಸದಾಗಿ ಬರುತ್ತಿರುವ ಸಂಕೇತವನ್ನು ಕದಡುತ್ತದೆ. 4800ರಲ್ಲಿ ಇದು ಗೊತ್ತಾಗದೆ ಹೋಗಬಹುದು. 6000ದಲ್ಲಿ ಗೊತ್ತಾಗುತ್ತದೆ.

ಕಡ್ಡಿಗಳನ್ನು ಸರಿಯಾದ ಸ್ಲಾಟಿಗೆ ಬದಲಿಸಿ ಯಂತ್ರ ಹಾಕಿದಾಗ ಪರದೆ ಬರಲೇ ಇಲ್ಲ. ಹುಡುಗನ ಮುಖ ಬಿಳುಚಿಕೊಂಡಿತು, ಆರಿಸಲು ಕೈ ಚಾಚಿದ. ತಡೆದೆ. ಡಿ.ಡಿ.ಆರ್. 5 ಯಂತ್ರಗಳು ರ‍್ಯಾಮ್ ಬದಲಾದ ಕೂಡಲೇ ಅದಕ್ಕೆ ಹೊಂದುವ ಸಮಯದ ಲೆಕ್ಕವನ್ನು ಹೊಸದಾಗಿ ಕಲಿಯುತ್ತವೆ. ಕಪ್ಪು ಪರದೆಯಲ್ಲೇ ಕೆಲವು ನಿಮಿಷ ಹೋಗುತ್ತದೆ, ಬೋರ್ಡಿನ ಮೇಲೆ ಡಿರ‍್ಯಾಮ್ ಎಂಬ ಪುಟ್ಟ ದೀಪ ಉರಿಯುತ್ತಿರುತ್ತದೆ. ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ. ಮೂರು ನಿಮಿಷದ ಮೇಲೆ ಪರದೆ ಬಂತು. ಎಕ್ಸ್‌ಪೋ ಮತ್ತೆ ಆನ್ ಮಾಡಿ ಆ ರಾತ್ರಿ ಮೆಮ್‌ಟೆಸ್ಟ್ ಓಡಿಸಿದೆವು. ಬೆಳಗ್ಗೆ ನಾಲ್ಕು ಸುತ್ತು ಮುಗಿದಿತ್ತು, ತಪ್ಪು ಸೊನ್ನೆ.

ಸ್ಲಾಟ್ ಸರಿಯಿದ್ದೂ ತಪ್ಪು ಬರುತ್ತಿದ್ದರೆ ಒಂದೊಂದೇ ಕಡ್ಡಿಯನ್ನು ಎ2ರಲ್ಲಿ ಹಾಕಿ ಪರೀಕ್ಷಿಸಿ. ಒಂದೇ ಕಡ್ಡಿ ಪ್ರತಿಸಲ ತಪ್ಪು ತೋರಿಸಿದರೆ ಆ ಕಡ್ಡಿ ಕೆಟ್ಟಿದೆ. ಎರಡೂ ಒಂಟಿಯಾಗಿ ಸರಿಯಿದ್ದು ಜೊತೆಯಲ್ಲಿ ಕೆಟ್ಟರೆ ಬಯಾಸ್ ಅಪ್‌ಡೇಟ್ ಮಾಡಿ ನೋಡಿ, ಆಗಲೂ ಹಾಗೇ ಇದ್ದರೆ 5600ಕ್ಕೆ ಇಳಿಸಿ ನೆಮ್ಮದಿಯಾಗಿರಿ. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿಲ್ಲ. ಬಯಾಸ್ ಅಪ್‌ಡೇಟ್ ಮಾಡುವಾಗ ಕರೆಂಟು ಹೋಗಬಾರದು, ಆಗ ಮಾತ್ರ ಯುಪಿಎಸ್ ಬೇಕೇ ಬೇಕು.

ಉಳಿದ ಅನುಮಾನಗಳು

ಇಲ್ಲಿಗೂ ಬಗೆಹರಿಯದವರು ಕಾರ್ಡನ್ನು ಬಿಚ್ಚಿ ಮತ್ತೆ ಕೂರಿಸಿ. ಸ್ಲಾಟಿನ ಕೊನೆಯ ಕೊಕ್ಕೆ ಬಿದ್ದಿರಬೇಕು, ಹಿಂಬದಿಯ ಸ್ಕ್ರೂ ಬಿಗಿಯಾಗಿರಬೇಕು. ದೊಡ್ಡ ಕಾರ್ಡ್ ತನ್ನ ಭಾರಕ್ಕೆ ಜೋತುಬಿದ್ದಿದ್ದರೆ ಕೆಳಗಿನಿಂದ ಒಂದು ಆಸರೆ ಕೊಡಿ. ಕಂಪ್ಯೂಟರನ್ನು ಜೋಡಿಸಿದ ಮೇಲೆ ಬಸ್ಸಿನಲ್ಲೋ ಕಾರಿನಲ್ಲೋ ಊರಿಂದೂರಿಗೆ ತಂದಿದ್ದರೆ ಇದನ್ನು ಮೊದಲನೆಯದಾಗಿಯೇ ಮಾಡಬೇಕು. ಕಾರ್ಡನ್ನು ಲಂಬವಾಗಿ ನಿಲ್ಲಿಸಲು ರೈಸರ್ ಕೇಬಲ್ ಹಾಕಿದ್ದರೆ ಅದನ್ನು ತೆಗೆದು ನೇರ ಸ್ಲಾಟಿಗೆ ಹಾಕಿ. ಅದಾಗದಿದ್ದರೆ ಬಯಾಸ್‌ನಲ್ಲಿ ಆ ಸ್ಲಾಟಿನ ವೇಗವನ್ನು ಜೆನ್ 3ಕ್ಕೆ, ಅಂದರೆ ಪಿ.ಸಿ.ಐ. ಎಕ್ಸ್‌ಪ್ರೆಸ್‌ನ ಮೂರನೆಯ ತಲೆಮಾರಿಗೆ ಇಳಿಸಿ. ಜೆನ್ 3ಕ್ಕೆಂದು ಮಾಡಿದ ರೈಸರ್ ಜೆನ್ 4ರಲ್ಲಿ ಹೆಚ್ಚಾಗಿ ತಾಳುವುದಿಲ್ಲ.

ಬಿಸಿಯ ಬಗ್ಗೆ: ದಾವಣಗೆರೆಯ ಏಪ್ರಿಲ್‌ನಲ್ಲಿ ಕೋಣೆಯೇ ಕಾದಿರುತ್ತದೆ. ಕಾರ್ಡಿನ ಸಾಮಾನ್ಯ ಉಷ್ಣತೆಯ ಜೊತೆಗೆ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯಾದ ಜಾಗ), ಮೆಮೊರಿ ಉಷ್ಣತೆಗಳನ್ನೂ ನೋಡಬೇಕು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಫ್ಯಾನ್ ಬಿಟ್ಟು ಒಂದು ಗಂಟೆ ನಡೆಸಿ. ಆಗ ಬೀಳದಿದ್ದರೆ ಗಾಳಿಯ ಹಾದಿ ಸರಿಪಡಿಸಿ. ಕೂಲರ್ ಬುಡದ ಪ್ಲಾಸ್ಟಿಕ್ ಹಾಳೆ ತೆಗೆಯದೆ ಬಿಟ್ಟಿರುವ ಹೊಸ ಯಂತ್ರಗಳನ್ನೂ ನೋಡಿದ್ದೇನೆ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಒಂದು ವಿಷಯ ತಿಳಿದಿರಬೇಕು. ಆ ಸರಣಿಯ ಮೇಲ್ದರ್ಜೆಯ ಚಿಪ್‌ಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ಸವೆಯುತ್ತಿದ್ದವು ಎಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಆಟ ತೆರೆಯುವಾಗ ವಿಡಿಯೋ ಮೆಮೊರಿ ಸಾಲದು ಎಂಬ ಸಂದೇಶ ಬಂದು ಮುಚ್ಚಿಕೊಳ್ಳುತ್ತಿತ್ತು, ಕಾರ್ಡಿನಲ್ಲಿ ಮೆಮೊರಿ ಬೇಕಾದಷ್ಟಿದ್ದರೂ. ಅನೇಕರು ಕಾರ್ಡನ್ನೇ ಬದಲಿಸಿದರು. ಆ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಇದಕ್ಕೆ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳು) ತಿದ್ದುಪಡಿ ಬಂತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ತಿದ್ದುಪಡಿ ಇರುವ ಬಯಾಸನ್ನು ಮೊದಲೇ ಹಾಕಿಕೊಳ್ಳಿ. ಈಗಾಗಲೇ ಸವೆದ ಚಿಪ್ಪನ್ನು ಅದು ಮತ್ತೆ ಸರಿಮಾಡುವುದಿಲ್ಲ, ಬದಲಿ ಕೇಳಬೇಕು.

ಕಾರ್ಡಿನದೇ ತಪ್ಪು ಎಂದು ಹೇಳಲು ಎರಡು ಪರೀಕ್ಷೆ ಇವೆ. ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದಿಟ್ಟು ಮಾನಿಟರನ್ನು ಮದರ್‌ಬೋರ್ಡಿಗೆ ಚುಚ್ಚಿ ನಾಲ್ಕು ದಿನ ಬಳಸಿ. ಆಗಲೂ ಯಂತ್ರ ಹ್ಯಾಂಗ್ ಆದರೆ ಕಾರ್ಡ್ ನಿರಪರಾಧಿ. ಇನ್ನೊಂದು, ಕಾರ್ಡನ್ನು ಸ್ನೇಹಿತರ ಸರಿಯಿರುವ ಯಂತ್ರಕ್ಕೆ ಹಾಕಿ ನೋಡುವುದು. ಅಲ್ಲೂ ಬಿದ್ದರೆ ಮಾತು ಮುಗಿಯಿತು. ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡಿನ ವೇಗವನ್ನು 50 ಅಥವಾ 100 ಮೆಗಾಹರ್ಟ್ಸ್ ಇಳಿಸಿದಾಗ ತೊಂದರೆ ನಿಂತರೆ, ತನ್ನ ಮೇಲೆ ಬರೆದ ವೇಗದಲ್ಲಿ ನಡೆಯಲು ಆ ಕಾರ್ಡಿಗೆ ಆಗುತ್ತಿಲ್ಲ ಎಂದಾಯಿತು. ಇಳಿಸಿಕೊಂಡು ಸುಮ್ಮನಿರಬೇಡಿ. ನೀವು ದುಡ್ಡು ಕೊಟ್ಟದ್ದು ಪೂರ್ತಿ ವೇಗಕ್ಕೆ.

ಸರಿಹೋಯಿತು ಎಂದು ಯಾವಾಗ ಹೇಳಬಹುದು? ಮುಂಚೆ ಬೀಳುತ್ತಿದ್ದ ಅಂತರದ ನಾಲ್ಕು ಪಟ್ಟು ಕಾಲ ಬೀಳದೆ ನಡೆದರೆ. ಎರಡು ದಿನಕ್ಕೊಮ್ಮೆ ಬೀಳುತ್ತಿದ್ದರೆ ಎಂಟು ದಿನ. ಹುಡುಗ ಹದಿನೈದು ದಿನದ ಮೇಲೆ ನೋಟ್‌ಬುಕ್ ಪುಟದ ಫೋಟೋ ಕಳಿಸಿದ. ತಾರೀಖುಗಳ ಮುಂದಿನ ಕಾಲಂ ಎಲ್ಲ ಖಾಲಿ.

ವಾರಂಟಿಗೆ ಹೋಗಲೇಬೇಕಾದವರು ಆ ನೋಟ್‌ಬುಕ್ ಜೊತೆಗಿಟ್ಟುಕೊಳ್ಳಿ. ಕಾರ್ಡಿನ ಸೀರಿಯಲ್ ನಂಬರು, ಡಬ್ಬಿಯ ಮೇಲಿನ ನಂಬರು, ಜಿ.ಎಸ್.ಟಿ. ಬಿಲ್ಲು, ಮೂರರದ್ದೂ ಫೋಟೋ ತೆಗೆಯಿರಿ. ಪರದೆ ಕಪ್ಪಾಗುವುದನ್ನು ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿ ಸರಿಯಿದೆ ಎಂದು ಹಿಂದಿರುಗಿಸುವುದು ತುಂಬ ಸಾಮಾನ್ಯ. ಎಷ್ಟು ಹೊತ್ತಿಗೆ, ಯಾವ ಆಟದಲ್ಲಿ, ಯಾವ ಉಷ್ಣತೆಯಲ್ಲಿ ಬೀಳುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಡಬ್ಬಿಯೊಳಗೇ ಇಡಿ. ಕಾರ್ಡ್ ಕೊಟ್ಟದ್ದಕ್ಕೆ ತಾರೀಖು ಹಾಕಿದ ರಸೀದಿ ಪಡೆಯದೆ ಅಂಗಡಿ ಬಿಟ್ಟು ಬರಬೇಡಿ.